ಊರಿನ ರೈಲುದಾರಿಯಲ್ಲೇ ನೇತ್ರಾಣಿಯ ಹವಳಲೋಕ

ಕಾರ್ಖಾನೆಗಳೂ ಮಾಹಿತಿ ತಂತ್ರಜ್ಞಾನದ ಕಚೇರಿಗಳೂ ಒತ್ತೊತ್ತಾಗಿ ನಿಂತಿರುವ ನವಿ ಮುಂಬಯಿಯ ಮಹಾಪೆಯಿಂದ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರು ಹೋದರೆ ಥಾಣೆ ಖಾಡಿ, ಅಂದರೆ ಸಮುದ್ರವು ನೆಲದೊಳಕ್ಕೆ ಚಾಚಿಕೊಂಡ ಉಪ್ಪುನೀರಿನ ಕಿರುತೋಳು, ಎದುರಾಗುತ್ತದೆ. 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಗಿ, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗುಪ್ರದೇಶವಾಗಿ ಮಾನ್ಯತೆ ಪಡೆದ ಈ ಖಾಡಿಯಲ್ಲಿ ಜೀವರಾಶಿಗೆ ಕೊರತೆಯಿಲ್ಲವಾದರೂ, ಆ ಹಕ್ಕಿಗಳನ್ನು ಸಾಕುವ ಕೆಸರೇ ನೀರನ್ನು ಮಬ್ಬಾಗಿಸುವುದರಿಂದ ಇಲ್ಲಿ ಮುಳುಗಿ ನೋಡುವಂಥದ್ದು ಏನೂ ಇಲ್ಲ. ಹವಳವೆಂಬುದು ಕಲ್ಲಿನಂತೆ ಕಂಡರೂ ಸುಣ್ಣದ ಗೂಡು ಕಟ್ಟಿಕೊಂಡು ಗುಂಪಾಗಿ ಬಾಳುವ ಸಣ್ಣ ಜೀವಿಗಳ ವಸತಿ. ಆ ಜೀವಿಗಳ ಮೈಯೊಳಗೆ ನೆಲೆಸಿದ ಸೂಕ್ಷ್ಮ ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಅವಕ್ಕೆ ಉಣಿಸುತ್ತದೆ. ಆದ್ದರಿಂದ ಬೆಳಕು ಇಳಿಯದ, ಹೂಳು ತುಂಬಿದ, ಹೊಳೆಗಳ ಸಿಹಿನೀರು ಬಂದು ಸೇರುವ ಜಾಗದಲ್ಲಿ ಬಹುಪಾಲು ಹವಳ ಬೆಳೆಯಲಾರದು, ಹವಳವನ್ನು ನಂಬಿದ ಮೀನುಗಳೂ ಅಲ್ಲಿ ನೆಲೆ ನಿಲ್ಲಲಾರವು.

ಈ ಕಾರಣದಿಂದ ನವಿ ಮುಂಬಯಿ, ಥಾಣೆ, ಡೊಂಬಿವಲಿ, ಕಲ್ಯಾಣಗಳ ಕನ್ನಡಿಗರಲ್ಲಿ ಕಡಲಡಿಯನ್ನು ಕಾಣುವ ಆಸೆ ಇರುವವರು ಅಂಡಮಾನ್, ಲಕ್ಷದ್ವೀಪ ಅಥವಾ ಮಾಲ್ದೀವ್ಸ್ ಕಡೆಗೆ ನೋಡುವುದು ಸಹಜ. ಅವು ಶ್ರೇಷ್ಠ ತಾಣಗಳೆಂಬುದರಲ್ಲಿ ಸಂಶಯವಿಲ್ಲ. ಆದರೆ ಲಕ್ಷದ್ವೀಪಕ್ಕೆ ಪ್ರವೇಶದ ಪರವಾನಗಿ ಬೇಕು, ಉಳಿದವಕ್ಕೆ ವಿಮಾನದ ಖರ್ಚು ಮತ್ತು ಹಲವು ದಿನಗಳ ರಜೆ ಬೇಕು. ಪಶ್ಚಿಮ ಕರಾವಳಿಯ ಅತ್ಯುತ್ತಮ ಮುಳುಗುತಾಣಗಳಲ್ಲಿ ಒಂದು, ಇದೇ ಜನ ಪ್ರತಿವರ್ಷ ಊರಿಗೆ ಹೋಗಿ ಬರುವ ಕೊಂಕಣ ರೈಲಿನ ದಾರಿಯ ಪಕ್ಕದಲ್ಲೇ ಇದೆ ಎಂಬುದು ತಕ್ಕಷ್ಟು ಪ್ರಚಾರ ಪಡೆದಿಲ್ಲ. 1998ರಲ್ಲಿ ಪೂರ್ಣವಾಗಿ ತೆರೆದುಕೊಂಡ, ರೋಹಾದಿಂದ ಮಂಗಳೂರು ಬಳಿಯ ತೋಕೂರಿನವರೆಗೆ 741 ಕಿಲೋಮೀಟರು ಉದ್ದದ ಈ ಮಾರ್ಗದಲ್ಲಿ ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ಮಧ್ಯಾಹ್ನ ಹೊರಡುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸನ್ನು ಥಾಣೆಯಲ್ಲೋ ಪನ್ವೇಲಿನಲ್ಲೋ ಹತ್ತಿದವರು ಮರುದಿನ ಬೆಳಕು ಹರಿಯುವ ಮುನ್ನ ಮುರ್ಡೇಶ್ವರ ನಿಲ್ದಾಣದಲ್ಲಿ ಇಳಿಯಬಹುದು. ಅಲ್ಲಿಂದ ಸುಮಾರು 19 ಕಿಲೋಮೀಟರು, ಅಂದರೆ ಹತ್ತು ನಾವಿಕ ಮೈಲಿ, ಕಡಲಿನಲ್ಲಿ ಸಾಗಿದರೆ ಸಿಗುವುದೇ ನೇತ್ರಾಣಿ ದ್ವೀಪ.

ನೇತ್ರಾಣಿಗೂ ಮೊದಲು, ದಾರಿಯ ನಡುವೆ, ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ಮಾಲವಣ ಬರುತ್ತದೆ. ಕುಡಾಳ ನಿಲ್ದಾಣದಲ್ಲಿ ಇಳಿದು ಬಸ್ಸಿನಲ್ಲಿ ಇದನ್ನು ತಲಪಬಹುದು. ಶಿವಾಜಿ 1664ರಲ್ಲಿ ಕಟ್ಟಲು ಆರಂಭಿಸಿದ ಸಿಂಧುದುರ್ಗ ಕೋಟೆಯ ಸುತ್ತಲಿನ ಬಂಡೆಗಳ ಮೇಲೆ ಅಲ್ಲಲ್ಲಿ ಹವಳ ಬೆಳೆದಿದ್ದು, 1987ರಲ್ಲಿ ಇಲ್ಲಿನ ಸುಮಾರು 29 ಚದರ ಕಿಲೋಮೀಟರು ಪ್ರದೇಶವನ್ನು ಸಾಗರ ಅಭಯಾರಣ್ಯವೆಂದು ಘೋಷಿಸಲಾಯಿತು. ಪಕ್ಕದ ತಾರ್ಕರ್ಲಿಯಲ್ಲಿ ಮಹಾರಾಷ್ಟ್ರ ಪ್ರವಾಸೋದ್ಯಮ ಅಭಿವೃದ್ಧಿ ನಿಗಮವು ಆಳವಾದ ತರಬೇತಿ ಕೊಳವುಳ್ಳ ಸ್ಕೂಬಾ ಶಿಕ್ಷಣ ಸಂಸ್ಥೆಯನ್ನು ನಡೆಸುತ್ತಿದೆ. ಈ ವಿದ್ಯೆಯನ್ನು ಕ್ರಮವಾಗಿ ಕಲಿಯಬೇಕೆನ್ನುವ ಮಹಾಪೆಯವರಿಗೆ ಇದು ಹತ್ತಿರದ ಪಾಠಶಾಲೆ. ಕೋಟೆಯ ಬಳಿ ಪ್ರವಾಸಿಗರಿಗಾಗಿ ನಡೆಯುವ ಮುಳುಗು ಮಾತ್ರ ಆಳವಿಲ್ಲದ ನೀರಿನಲ್ಲಿ, ಕೆಲವೇ ನಿಮಿಷಗಳಲ್ಲಿ ಮುಗಿಯುವಂಥದ್ದು. ಚಿತ್ರದಲ್ಲಿ ಚೆನ್ನಾಗಿ ಬರಲೆಂದು ಬ್ರೆಡ್ಡು, ಬಿಸ್ಕತ್ತು ಹಾಕಿ ಮೀನುಗಳನ್ನು ಕರೆಯುವ ರೂಢಿ ಅವುಗಳ ಸಹಜ ಆಹಾರಕ್ರಮವನ್ನು ಕೆಡಿಸುವುದರಿಂದ ಖಂಡನೀಯ. ಗೋವಾದ ಗ್ರ್ಯಾಂಡೆ ದ್ವೀಪದ ಬಳಿ ಮುಳುಗಿದ ಹಡಗುಗಳ ಅವಶೇಷಗಳನ್ನು ನೋಡಬಹುದಾದರೂ ನೀರಿನ ತಿಳಿಯ ದೃಷ್ಟಿಯಿಂದ ನೇತ್ರಾಣಿಗೆ ಅದು ಸಾಟಿಯಲ್ಲ.

ಸ್ಕೂಬಾ ಎಂದರೆ ಉಸಿರಾಟಕ್ಕೆ ಬೇಕಾದ ಗಾಳಿಯನ್ನು ಮುಳುಗುವವರು ತಮ್ಮ ಬೆನ್ನ ಮೇಲೆಯೇ ಹೊತ್ತೊಯ್ಯುವ ಪದ್ಧತಿ. 1943ರಲ್ಲಿ ಫ್ರಾನ್ಸಿನ ಜಾಕ್ ಕೂಸ್ತೊ ಮತ್ತು ಎಮಿಲ್ ಗಾನ್ಯಾಂ ರೂಪಿಸಿದ ಸಾಧನದಿಂದ ಇದು ಜನಸಾಮಾನ್ಯರ ಕೈಗೆಟುಕುವಂತಾಯಿತು. ಸಿಲಿಂಡರಿನಲ್ಲಿ ಇರುವುದು ಶುದ್ಧ ಆಮ್ಲಜನಕವೆಂದು ಅನೇಕರು ತಿಳಿದಿದ್ದಾರೆ. ಅದು ನಾವೆಲ್ಲ ಉಸಿರಾಡುವ ಗಾಳಿಯೇ, ಸುಮಾರು ಇನ್ನೂರು ಪಟ್ಟು ಒತ್ತಡದಲ್ಲಿ ತುಂಬಿದ್ದು ಅಷ್ಟೇ. ರೆಗ್ಯುಲೇಟರ್ ಎಂಬ ಉಪಕರಣ ಆ ಒತ್ತಡವನ್ನು ಇಳಿಸಿ, ಬಾಯಲ್ಲಿ ಕಚ್ಚಿಕೊಂಡ ರಬ್ಬರಿನ ತುಂಡಿನ ಮೂಲಕ, ಎಳೆದುಕೊಂಡಾಗ ಮಾತ್ರ ಗಾಳಿಯನ್ನು ಒದಗಿಸುತ್ತದೆ. ಇದರೊಡನೆ ತೊಡುವ ಜಾಕೆಟಿಗೆ ಗಾಳಿ ತುಂಬಿ ಅಥವಾ ಹೊರಬಿಟ್ಟು, ಮೇಲಕ್ಕೂ ಏಳದೆ ಕೆಳಕ್ಕೂ ಇಳಿಯದೆ ನೀರಿನ ನಡುವೆ ತೂಗಿ ನಿಲ್ಲುವುದೇ ಈ ಕಲೆಯ ತಿರುಳು. ಅದನ್ನು ಸಾಧಿಸದವರು ಕಾಲು ಬಡಿದು ಹವಳವನ್ನು ಮುರಿಯುತ್ತಾರೆ.

ಕರಾವಳಿಗೆ ಮುಳುಗುವ ವಿದ್ಯೆ ಹೊಸದಲ್ಲ. ಬಂಡೆಗೆ ಕಚ್ಚಿಕೊಂಡ ಪಚ್ಚಿಲೆಯನ್ನು ಉಸಿರು ಬಿಗಿಹಿಡಿದು ಮುಳುಗಿ ಕಿತ್ತು ತರುವವರು ಇಲ್ಲಿ ಹಿಂದಿನಿಂದಲೂ ಇದ್ದಾರೆ. ಆದರೆ ಅವರ ಪದ್ಧತಿಗೂ ಸ್ಕೂಬಾಕ್ಕೂ ನಡುವೆ ಪ್ರಾಣಕ್ಕೆ ಸಂಬಂಧಿಸಿದ ವ್ಯತ್ಯಾಸವೊಂದಿದೆ. ನೀರಿನಲ್ಲಿ ಪ್ರತಿ ಹತ್ತು ಮೀಟರು ಇಳಿದಂತೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಪಚ್ಚಿಲೆ ಕೀಳುವವನು ಮೇಲಿನಿಂದ ಒಯ್ದ ಗಾಳಿ ಕೆಳಗೆ ಕುಗ್ಗಿ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. ಸ್ಕೂಬಾದಲ್ಲಾದರೋ ಆಳದ ಒತ್ತಡಕ್ಕೆ ಸಮನಾದ ಗಾಳಿಯನ್ನು ಆಳದಲ್ಲೇ ಎಳೆದುಕೊಂಡಿರುವುದರಿಂದ, ಹತ್ತು ಮೀಟರಿನಲ್ಲಿ ತುಂಬಿಕೊಂಡ ಉಸಿರನ್ನು ಬಿಡದೆ ಮೇಲಕ್ಕೆ ಬಂದರೆ ಅದು ಇಮ್ಮಡಿಯಾಗಿ ಹಿಗ್ಗಿ ಶ್ವಾಸಕೋಶವನ್ನೇ ಹರಿಯಬಲ್ಲದು. ಉಸಿರು ಕಟ್ಟಬಾರದು ಎಂಬುದು ಆದ್ದರಿಂದ ಮೊದಲ ಪಾಠ. ಮೂಗು ಹಿಡಿದು ಮೆಲ್ಲಗೆ ಊದಿ ಕಿವಿಯೊಳಗಿನ ಒತ್ತಡವನ್ನು ಸರಿದೂಗಿಸುವುದು ಎರಡನೆಯದು. ನೆಗಡಿಯಾದವರಿಗೆ ಇದು ಸಾಧ್ಯವಾಗದು, ಅವರು ದೋಣಿಯಲ್ಲೇ ಉಳಿಯಬೇಕು.

ಭಟ್ಕಳ ತಾಲ್ಲೂಕಿಗೆ ಸೇರಿದ, ಮೇಲಿನಿಂದ ಹೃದಯದಾಕಾರವಾಗಿ ಕಾಣುವ ನೇತ್ರಾಣಿ ಕಡಿದಾದ ಬಂಡೆಗಳ, ಕಾಡು ಹೊದ್ದ ಗುಡ್ಡ. ಬಿಳಿಹೊಟ್ಟೆಯ ಕಡಲಹದ್ದುಗಳು ಇಲ್ಲಿನ ಮರಗಳಲ್ಲಿ ಗೂಡು ಕಟ್ಟುತ್ತವೆ. ಮೀನುಗಾರರು ಹರಕೆ ಹೊತ್ತು ತಂದುಬಿಟ್ಟ ಆಡುಗಳು ಇಲ್ಲಿ ಕಾಡುಬಿದ್ದು ಬಾಳುತ್ತಿವೆ. ಹಿಂದೆ ನೌಕಾಪಡೆ ಈ ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸುತ್ತಿದ್ದುದಕ್ಕೆ ಮೀನುಗಾರರೂ ಪರಿಸರಾಸಕ್ತರೂ ವಿರೋಧ ವ್ಯಕ್ತಪಡಿಸಿದ್ದುಂಟು. ಶರಾವತಿಯಂಥ ಹೊಳೆಗಳು ಮಳೆಗಾಲದಲ್ಲಿ ಹೊತ್ತು ತರುವ ಕೆಸರು ಬಹುಮಟ್ಟಿಗೆ ತೀರದ ಬಳಿಯೇ ತಂಗುತ್ತದೆಯಾದ್ದರಿಂದ, ದಡದಿಂದ ಇಷ್ಟು ದೂರವಿರುವ ನೇತ್ರಾಣಿಯ ಸುತ್ತ ಅನುಕೂಲದ ದಿನಗಳಲ್ಲಿ ಹತ್ತು–ಹದಿನೈದು ಮೀಟರಿನಾಚೆಗೂ ಕಣ್ಣು ಹಾಯುತ್ತದೆ. ಥಾಣೆ ಖಾಡಿಯಲ್ಲಿ ಇಲ್ಲದ್ದು ಇಲ್ಲಿರುವುದು ಈ ದೂರದ ಬಲದಿಂದ.

ಮುಂಜಾನೆ ಹೊರಟ ದೋಣಿ ಗಂಟೆಯ ಮೇಲೆ ಸಾಗಿ ದ್ವೀಪದ ಮಗ್ಗುಲಲ್ಲಿ ನಿಲ್ಲುತ್ತದೆ. ದಡ ಹತ್ತದೆ ಅಲ್ಲಿಂದಲೇ ನೀರಿಗಿಳಿಯಬೇಕು. ತರಬೇತಿಯಿಲ್ಲದವರನ್ನು ಶಿಕ್ಷಕರು ಜೊತೆಗೇ ಹಿಡಿದುಕೊಂಡು, ಹನ್ನೆರಡು ಮೀಟರು ಮೀರದಂತೆ ಕರೆದೊಯ್ಯುತ್ತಾರೆ. ತಲೆ ನೀರೊಳಗೆ ಹೋದೊಡನೆ ಗಾಳಿಯ ಸದ್ದೆಲ್ಲ ಅಡಗಿ, ಉಸಿರು ಎಳೆವ ಬುಸುಗು, ಗುಳ್ಳೆಗಳ ಗುಳುಗುಳು, ಅದರ ಹಿಂದೆ ಎಣ್ಣೆಯಲ್ಲಿ ಸಾಸಿವೆ ಸಿಡಿದಂಥ ಎಡೆಬಿಡದ ಚಟಪಟ ಮಾತ್ರ ಕೇಳುತ್ತದೆ. ಆ ಚಟಪಟ ಬಂಡೆಯ ಬಿರುಕುಗಳಲ್ಲಿ ಅಡಗಿ ತಮ್ಮ ಕೊಂಡಿಯನ್ನು ಚಿಟಿಕೆ ಹೊಡೆದಂತೆ ಸಿಡಿಸುವ ಸಣ್ಣ ಸೀಗಡಿಗಳದು. ನೀರಿನಲ್ಲಿ ಶಬ್ದ ಗಾಳಿಯಲ್ಲಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಸಾಗುವುದರಿಂದ ಅದು ಯಾವ ಕಡೆಯಿಂದ ಬರುತ್ತಿದೆಯೆಂದು ಕಿವಿಗೆ ಗೊತ್ತಾಗುವುದಿಲ್ಲ. ಕೆಲವು ಮೀಟರು ಇಳಿಯುವುದರೊಳಗೆ ಕೆಂಪು ಬಣ್ಣ ಮಾಸುತ್ತದೆ, ಏಕೆಂದರೆ ಬೆಳಕಿನ ಕೆಂಪು ಭಾಗವನ್ನು ನೀರು ಮೊದಲು ಹೀರಿಕೊಳ್ಳುತ್ತದೆ. ಗಿಳಿಮೀನೊಂದು ಕೊಕ್ಕಿನಂಥ ಹಲ್ಲುಗಳಿಂದ ಹವಳದ ಕಲ್ಲನ್ನು ಕೆರೆದು ಪಾಚಿ ತಿನ್ನುತ್ತದೆ, ಅರೆದ ಕಲ್ಲನ್ನು ಬಿಳಿಯ ಮರಳಾಗಿ ಹಿಂದೆ ಚೆಲ್ಲುತ್ತದೆ. ಹವಳದ್ವೀಪಗಳ ಬಿಳಿ ಕಡಲತೀರಗಳ ಮರಳಿನಲ್ಲಿ ದೊಡ್ಡ ಪಾಲು ಹೀಗೆ ಆದದ್ದೇ.

ಚಿಟ್ಟೆಮೀನುಗಳು ಜೋಡಿಯಾಗಿ ಸುಳಿಯುತ್ತವೆ, ಬಂಡೆಯ ಸಂದಿನಿಂದ ಹಾವುಮೀನು ಬಾಯಿ ತೆರೆದು ಇಣುಕುತ್ತದೆ, ಅದೃಷ್ಟವಿದ್ದರೆ ಕಡಲಾಮೆಯೋ ತೊರಕೆಯೋ ಎದುರಾಗುತ್ತದೆ. ಮುಂಬಯಿಯ ಮಂಗಳೂರು ಹೋಟೆಲುಗಳ ತಟ್ಟೆಯಲ್ಲಿ ಮಾತ್ರ ಪರಿಚಯವಿರುವ ಮುರು, ಕೆಂಬೇರಿ, ಬೊಂಡಾಸಗಳ ಬಳಗವನ್ನು ಜೀವಂತವಾಗಿ ಅವುಗಳ ಮನೆಯಲ್ಲೇ ನೋಡುವುದು, ವಿಶೇಷವಾಗಿ ಬೊಂಡಾಸದ ಮೈಬಣ್ಣ ಕಣ್ಣೆದುರೇ ಅಲೆಯಲೆಯಾಗಿ ಬದಲಾಗುವುದನ್ನು ಕಾಣುವುದು, ದೊಡ್ಡ ಪ್ರಾಣಿಗಳ ದರ್ಶನಕ್ಕಿಂತಲೂ ಹೆಚ್ಚು ನೆನಪಿನಲ್ಲಿ ನಿಲ್ಲುವಂಥ ಅನುಭವ. ಮೀನುಗಳಲ್ಲೆಲ್ಲ ದೊಡ್ಡದಾದ, ಮನುಷ್ಯರಿಗೆ ನಿರುಪದ್ರವಿಯಾದ ತಿಮಿಂಗಿಲ ಶಾರ್ಕ್ ಅಪರೂಪಕ್ಕೆ ಈ ನೀರಿಗೂ ಬರುತ್ತದೆ. ಅಮೋಘವರ್ಷ ನಿರ್ದೇಶಿಸಿದ, ಪುನೀತ್ ರಾಜ್‌ಕುಮಾರ್ ಅವರ ನಿಧನಾನಂತರ 2022ರಲ್ಲಿ ಬಿಡುಗಡೆಯಾದ ‘ಗಂಧದಗುಡಿ’ ಸಾಕ್ಷ್ಯಚಿತ್ರದಲ್ಲಿ ಅವರು ನೇತ್ರಾಣಿಯ ಕಡಲಿಗೆ ಇಳಿದದ್ದನ್ನು ಕಂಡ ಮೇಲೆಯೇ ಅನೇಕ ಕನ್ನಡಿಗರಿಗೆ ಇಂಥದ್ದೊಂದು ಲೋಕ ತಮ್ಮ ನಾಡಿನಲ್ಲಿದೆಯೆಂದು ತಿಳಿಯಿತು.

ತಿಳಿದು ಬರುವವರು ಹೆಚ್ಚಿದಂತೆ ಈ ಸಣ್ಣ ಹವಳವಸತಿಯ ಮೇಲಿನ ಭಾರವೂ ಹೆಚ್ಚುತ್ತದೆ. ಹವಳವನ್ನೂ ತಿಮಿಂಗಿಲ ಶಾರ್ಕನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿರುವುದರಿಂದ ಹವಳದ ತುಂಡನ್ನು ಮುರಿದು ತರುವುದು ಹುಲಿಗೆ ಸಿಗುವಂಥ ರಕ್ಷಣೆಯುಳ್ಳ ಜೀವಿಗೆ ಮಾಡುವ ಅಪರಾಧ. ಕಾನೂನಿನ ಕೈಗೆ ಸಿಗದ ಅಪಾಯ ಇನ್ನೂ ದೊಡ್ಡದು: ಕಡಲು ಅತಿಯಾಗಿ ಬಿಸಿಯಾದಾಗ ಹವಳಜೀವಿಗಳು ತಮ್ಮೊಳಗಿನ ಪಾಚಿಯನ್ನು ಹೊರದೂಡಿ ಬಿಳಚಿಕೊಳ್ಳುತ್ತವೆ, ಬಿಸಿ ಇಳಿಯದಿದ್ದರೆ ಹಸಿದು ಸಾಯುತ್ತವೆ. 1998, 2010, 2014–17ರಲ್ಲಿ ಮತ್ತು 2023ರಿಂದೀಚೆಗೆ ಜಗತ್ತಿನಾದ್ಯಂತ ಹೀಗಾಗಿದೆ. ಬಿಸಿಯಿಂದ ಬಳಲಿದ ಹವಳಕ್ಕೆ ಲಂಗರಿನ ಪೆಟ್ಟು, ಕಾಲಿನ ಒದೆತ ಸೇರಿದರೆ ಚೇತರಿಕೆ ಕಷ್ಟವಾದ್ದರಿಂದ, ಹೋಗುವ ಮೊದಲು ತಾರ್ಕರ್ಲಿಯಲ್ಲೋ ಕೊಳವಿರುವ ಬೇರೆಡೆಯಲ್ಲೋ ತೇಲಿ ನಿಲ್ಲುವುದನ್ನು ಕಲಿತು ಹೋಗುವವರು ತಮಗೂ ನೇತ್ರಾಣಿಗೂ ಉಪಕಾರ ಮಾಡುತ್ತಾರೆ.

ಮಳೆಗಾಲದಲ್ಲಿ ಈ ಕಡಲು ಮುಳುಗಲು ಯೋಗ್ಯವಲ್ಲ. ಅಕ್ಟೋಬರಿನಿಂದ ಮೇ ತಿಂಗಳವರೆಗಿನ ಅವಧಿಯೇ ಸೂಕ್ತ. ಆಸ್ತಮಾ, ಹೃದ್ರೋಗ, ಅಪಸ್ಮಾರ ಇರುವವರು ವೈದ್ಯರ ಒಪ್ಪಿಗೆಯಿಲ್ಲದೆ ಇಳಿಯಬಾರದು. ಹಿಂದಿರುಗುವ ಹೊತ್ತನ್ನೂ ಯೋಚಿಸಬೇಕು: ಆಳದಲ್ಲಿ ರಕ್ತಕ್ಕೆ ಸೇರಿದ ಹೆಚ್ಚುವರಿ ಸಾರಜನಕ ನಿಧಾನವಾಗಿ ಹೊರಹೋಗುವ ಮೊದಲೇ ಎತ್ತರಕ್ಕೆ ಏರಿದರೆ ಅದು ಗುಳ್ಳೆಗಟ್ಟಿ ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ತೊಂದರೆ ಕೊಡಬಲ್ಲದು. ಒಂದೇ ಸಲ ಮುಳುಗಿದವರು ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದವರು 18 ಗಂಟೆ ವಿಮಾನ ಹತ್ತಬಾರದೆಂಬುದು ಇದಕ್ಕಾಗಿ. ಬೆಂಗಳೂರಿಗೆ ಘಟ್ಟ ಹತ್ತಿ ಹೋಗುವವರೂ ಇದೇ ಎಚ್ಚರ ವಹಿಸುವುದು ಒಳ್ಳೆಯದು. ಕರಾವಳಿಯ ತಗ್ಗಿನಲ್ಲೇ ಸಾಗಿ ಪನ್ವೇಲಿಗೆ ಬರುವ ಕೊಂಕಣ ರೈಲಿನವರಿಗೆ ಈ ಚಿಂತೆಯಿಲ್ಲ, ಬೆಳಿಗ್ಗೆ ಮುಳುಗಿದವರು ಅದೇ ದಿನ ಮಹಾಪೆಯ ದಾರಿ ಹಿಡಿಯಬಹುದು.