ಮಾಸ್ತರರ ಮೇಲುಸಂಪಾದನೆ

ಸರಕಾರಿ ಶಾಲೆಯ ಉಪಾಧ್ಯಾಯನು ವೇತನವಲ್ಲದೆ ಬೇರೆ ದ್ರವ್ಯವನ್ನು ಸಂಪಾದಿಸಬಹುದೇ? ಪ್ರಶ್ನೆಯು ಹಳೆಯದು. ಸಂಬಳಕ್ಕೆ ಪಾಠ ಹೇಳುವವನನ್ನೇ ಮನುಸ್ಮೃತಿಯು ‘ಭೃತಕಾಧ್ಯಾಪಕ’ನೆಂದು ಕರೆದು, ಶ್ರಾದ್ಧದ ಪಂಕ್ತಿಗೆ ಅನರ್ಹನೆಂದಿರುವುದು. ಆ ಲೆಕ್ಕದಲ್ಲಿ ನಾವೆಲ್ಲರೂ ಪಂಕ್ತಿಬಾಹ್ಯರೇ ಸರಿ! ಆದರೆ ಬರಿಯ ಗೌರವದಿಂದ ಹೊಟ್ಟೆ ತುಂಬುವುದೇ? ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದ ಮುದ್ದಣನು ‘ರಾಮಾಶ್ವಮೇಧ’ವನ್ನು ಬರೆದೂ, ಬಡತನದಲ್ಲಿ ಕ್ಷಯರೋಗಕ್ಕೆ ತುತ್ತಾಗಿ 1901ರಲ್ಲಿ ತೀರಿಕೊಂಡನು.

ನಮ್ಮ ಜಿಲ್ಲೆಯ ಮಾಸ್ತರರಲ್ಲಿ ತಾಳಮದ್ದಳೆಯ ಅರ್ಥಧಾರಿಗಳುಂಟು, ಅಡಿಕೆ ತೋಟದವರುಂಟು, ಗ್ರಂಥಕರ್ತರುಂಟು. ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೂ ಜನಗಣತಿಗೂ ಸರಕಾರವೇ ಗೌರವಧನವನ್ನು ಕೊಡುವುದು. ಇವುಗಳಿಂದ ವಿದ್ಯಾರ್ಥಿಗೆ ನಷ್ಟವಿಲ್ಲ. ತೊಡಕಿರುವುದು ಮನೆಪಾಠದಲ್ಲಿ.

ಇದನ್ನು ನಾವು ಸ್ವಾನುಭವದಿಂದಲೇ ಹೇಳುತ್ತಿರುವೆವು. 1995ರ ಸುಮಾರಿಗೆ ಮಂಗಳೂರಿನಲ್ಲಿ ಸಂಸ್ಕೃತ ಕಲಿಸುತ್ತಿದ್ದಾಗ ತಂಗಿಯ ಮದುವೆಯ ಸಾಲವು ನಮ್ಮ ತಲೆಯ ಮೇಲಿದ್ದಿತು. ಸಂಜೆ ನಮ್ಮ ಜಗಲಿಯಲ್ಲಿ ಎಂಟು ಹುಡುಗರು ಕೂಡುತ್ತಿದ್ದರು. ಐವರು ನಮ್ಮ ತರಗತಿಯವರೇ. ಬರಬರುತ್ತ, ನಮಗೇ ತಿಳಿಯದಂತೆ, ಶಾಲೆಯ ಪಾಠವು ಸಂಕ್ಷೇಪವಾಯಿತು, ಜಗಲಿಯ ಪಾಠವು ವಿಸ್ತಾರವಾಯಿತು. ಒಂದು ದಿನ ಬೀಡಿ ಕಟ್ಟುವ ತಾಯಿಯೊಬ್ಬಳ ಮಗನು ಗಂಟೆ ಬಾರಿಸಿದ ಮೇಲೂ ನಿಂತು, “ಸರ್, ಸವರ್ಣದೀರ್ಘ ಸಂಧಿ ಗೊತ್ತಾಗಲಿಲ್ಲ. ನಿಮ್ಮ ಮನೆಗೆ ಬರಲಿಕ್ಕೆ ಅಮ್ಮನ ಹತ್ತಿರ ಹಣ ಇಲ್ಲ. ಇಲ್ಲಿಯೇ ಇನ್ನೊಮ್ಮೆ ಹೇಳುತ್ತೀರಾ?” ಎಂದನು.

ಅವನ ಮಾತಿನಲ್ಲಿ ಆಕ್ಷೇಪಣೆ ಲೇಶವೂ ಇರಲಿಲ್ಲ. ಆದುದರಿಂದಲೇ ಅದು ನಮ್ಮನ್ನು ಚುಚ್ಚಿತು. ಸರಕಾರವು ಕ್ರಯ ಕೊಟ್ಟು ಕೊಂಡಿದ್ದ ಪಾಠವನ್ನೇ ನಾವು ಎರಡನೆಯ ಸಲ ಮಾರುತ್ತಿದ್ದೆವು. ಮರುದಿನ ತರಗತಿಯಲ್ಲಿ ಸಂಧಿಪ್ರಕರಣವನ್ನು ಮೊದಲಿನಿಂದ ಹೇಳಿದೆವು; ಆ ಐವರ ಹಣವನ್ನು ಹಿಂದಿರುಗಿಸಿದೆವು. ಸಾಲ ತೀರುವುದು ಎರಡು ವರ್ಷ ತಡವಾಯಿತು.

2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 28ನೆಯ ಕಲಮು ಶಿಕ್ಷಕರಿಗೆ ಖಾಸಗಿ ಪಾಠವನ್ನು ನಿಷೇಧಿಸಿರುವುದು. ನಮಗೆ ಆ ಕಲಮನ್ನು ಹುಡುಗನೊಬ್ಬನು ಮುಂಚೆಯೇ ಓದಿ ಹೇಳಿದ್ದನು.

ಗೃಹಸ್ಥರಲ್ಲಿ ನಮ್ಮದೊಂದು ವಿಜ್ಞಾಪನೆ. ಮಗುವನ್ನು ಮನೆಪಾಠಕ್ಕೆ ಕಳುಹಿಸುವ ಮೊದಲು, ಅದಕ್ಕೆ ತಿಳಿಯದುದು ಯಾವುದೆಂದು ಕೇಳಿರಿ. ಬಳಿಕ ಶಾಲೆಗೆ ಹೋಗಿ ಮಾಸ್ತರರನ್ನು ವಿನಯದಿಂದ ವಿಚಾರಿಸಿರಿ. ಇನ್ನೊಮ್ಮೆ ಹೇಳೆಂದರೆ ಬೇಸರಪಡುವ ಉಪಾಧ್ಯಾಯರು ವಿರಳ. ಕೇಳುವವರೇ ಇಲ್ಲದೆ ಮೈಮರೆಯುವವರು, ನಮ್ಮಂತೆ, ಅನೇಕರು.