ನಿಮಗಿದು ಗೊತ್ತೆ? ಲಿಫ್ಟ್ ಹತ್ತದಿದ್ದರೂ ದುಡ್ಡು ಕೊಡಬೇಕು!

ಚಿಕ್ಕೇರೂರಿನಂಥ ಹಳ್ಳಿಯಲ್ಲಿ ಹೊಲದ ಪಾಲುಪಟ್ಟಿ ಬಲ್ಲವರಿಗೂ ಬೆಂಗಳೂರಿನಲ್ಲಿ ಮಗ ಕೊಂಡ ಫ್ಲಾಟಿನ ಲೆಕ್ಕ ಹೊಸದೇ. ಘೋಷಣಾಪತ್ರ ನೋಂದಾಯಿಸಿ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಗೆ ಒಳಪಟ್ಟ ಕಟ್ಟಡದಲ್ಲಿ ಮೆಟ್ಟಿಲು, ಲಿಫ್ಟ್, ಚಾವಣಿ, ಅಡಿಯ ನೆಲ ಎಲ್ಲದರಲ್ಲೂ ಪ್ರತಿ ಮಾಲೀಕರಿಗೆ ಅವಿಭಜಿತ ಪಾಲುಂಟು. ಅದನ್ನು ಫ್ಲಾಟಿನಿಂದ ಬೇರ್ಪಡಿಸಿ ಮಾರುವಂತಿಲ್ಲ; ಅಣ್ಣತಮ್ಮಂದಿರು ಹೊಲ ಹಂಚಿಕೊಂಡಂತೆ ಭಾಗ ಕೇಳುವಂತೆಯೂ ಇಲ್ಲ. ‘ನಾವು ನೆಲಮಹಡಿಯವರು, ಲಿಫ್ಟ್ ಮುಟ್ಟೋದೇ ಇಲ್ಲ’ ಎಂಬ ವಾದ (ಮಾಲೀಕರ ಸಂಘದ ಸಭೆಯಲ್ಲಿ ಒಬ್ಬರಾದರೂ ಎತ್ತುತ್ತಾರೆ!) ಇಲ್ಲಿ ನಡೆಯದು. ಸೌಲಭ್ಯ ಬೇಡವೆಂದು ಬಿಟ್ಟುಕೊಟ್ಟರೂ ಸಾಮಾನ್ಯ ಖರ್ಚಿನ ಪಾಲು ತಪ್ಪದು. ಬಾಕಿ ಉಳಿದರೆ ಫ್ಲಾಟಿನ ಮೇಲೆಯೇ ಋಣಭಾರ. ಗೋಡೆ ಬಿರಿದರೆ? 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಂತೆ, ಸ್ವಾಧೀನ ಕೊಟ್ಟ 5 ವರ್ಷದೊಳಗೆ ತಿಳಿಸಿದ ರಚನಾದೋಷವನ್ನು ಬಿಲ್ಡರ್ 30 ದಿನದಲ್ಲಿ ಪುಕ್ಕಟೆಯಾಗಿ ಸರಿಪಡಿಸಬೇಕು.