ರಟ್ಟಿನ ಬದಲು ಪೆಟ್ಟಿಗೆ

ಇಸ್ತ್ರಿ ಮಾಡಿದ ಪೈಜಾಮಗಳನ್ನು ಅರ್ಧ ಡಜನ್‌ನಂತೆ ಒಂದು ರಟ್ಟಿನ ಮೇಲೆ ಪೇರಿಸಿಡುವುದು ಆ 18 ಮಂದಿ ಕೆಲಸಗಾರರ ರೂಢಿ. ಒಂದು ದಿನ ರಟ್ಟು ಹೋಗಿ, ಅದೇ ಜಾಗಕ್ಕೆ ಒಂದು ಪೆಟ್ಟಿಗೆ ಬಂತು. ಇನ್ನು ಮೇಲೆ ಬಟ್ಟೆಯನ್ನು ಅದರೊಳಗೆ ಜೋಡಿಸಬೇಕು, ಅಷ್ಟೆ. ಈ ಹೆಚ್ಚಿನ ಕೆಲಸಕ್ಕೆಂದು ಡಜನ್‌ಗೆ ಎರಡು ನಿಮಿಷ ಲೆಕ್ಕ ಹಾಕಿ ಹೊಸ ಕೂಲಿ ದರವನ್ನೂ ಗೊತ್ತುಮಾಡಲಾಯಿತು. ಆದರೂ ನಲವತ್ತು ದಿನ ತುಂಬುವುದರೊಳಗೆ ಆ ಗುಂಪಿನಲ್ಲಿ ನೂರಕ್ಕೆ 17ರಷ್ಟು ಮಂದಿ ಕೆಲಸ ಬಿಟ್ಟು ಹೋದರು. ಉಳಿದವರ ಕೆಲಸದ ವೇಗ ಬಿದ್ದದ್ದು ಏಳಲೇ ಇಲ್ಲ.

ಇದು ನಡೆದದ್ದು 1940ರ ದಶಕದಲ್ಲಿ, ಅಮೆರಿಕದ ವರ್ಜೀನಿಯಾ ರಾಜ್ಯದ ಮೇರಿಯನ್ ಎಂಬ ಊರಿನ ಹಾರ್ವುಡ್ ಕಾರ್ಖಾನೆಯಲ್ಲಿ. ಅಲ್ಲಿ ಸುಮಾರು 500 ಹೆಂಗಸರು, 100 ಗಂಡಸರು ದುಡಿಯುತ್ತಿದ್ದರು. ಹೆಚ್ಚಿನವರು ಸುತ್ತಲಿನ ಗುಡ್ಡಗಾಡು ಹಳ್ಳಿಗಳಿಂದ ಬಂದವರು. ಸರಾಸರಿ ವಯಸ್ಸು 23. ಮಾಡಿದಷ್ಟು ಕೆಲಸಕ್ಕೆ ಕೂಲಿ. ಗಂಟೆಗೆ 60 ಘಟಕದಷ್ಟು ಕೆಲಸ ಮುಗಿಸಿದರೆ ಅದು ಸರಿಯಾದ ವೇಗ ಎಂದು ಲೆಕ್ಕ.

ಒಂದು ಸಂಗತಿ ಆಡಳಿತದವರಿಗೆ ಒಗಟಾಗಿತ್ತು. ಕೆಲಸದ ವಿಧಾನ ಸ್ವಲ್ಪ ಬದಲಾದರೂ ಪಳಗಿದ ಕೈಗಳು ಎಡವುತ್ತಿದ್ದವು. ಹೊಸದಾಗಿ ಸೇರಿದವರು ಕೆಲಸ ಕಲಿಯಲು ತೆಗೆದುಕೊಳ್ಳುವ ಸಮಯಕ್ಕಿಂತ, ಅನುಭವಿಗಳು ಬದಲಾದ ಕೆಲಸಕ್ಕೆ ಹೊಂದಿಕೊಳ್ಳಲು ಹೆಚ್ಚು ಸಮಯ ಬೇಕಾಗುತ್ತಿತ್ತು. ಬದಲಾವಣೆಗೆ ಒಳಗಾದವರಿಗೆ ವಿಶೇಷ ಭತ್ಯೆ ಕೊಟ್ಟರೂ ಪ್ರಯೋಜನವಾಗಲಿಲ್ಲ. ಹಾಗಾದರೆ ತೊಡಕು ಇದ್ದದ್ದು ಕೈಯಲ್ಲೋ, ಮನಸ್ಸಿನಲ್ಲೋ?

ಸಂಸ್ಥೆಯ ಅಧ್ಯಕ್ಷ ಆಲ್ಫ್ರೆಡ್ ಮ್ಯಾರೋ ಸ್ವತಃ ಮನಶ್ಶಾಸ್ತ್ರ ಓದಿದವರು. ಹೆಸರಾಂತ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಅವರ ಒಡನಾಟ ಈ ಕಾರ್ಖಾನೆಗಿತ್ತು. ಸಿಬ್ಬಂದಿ ವ್ಯವಸ್ಥಾಪಕ ಲೆಸ್ಟರ್ ಕೋಚ್ ಮತ್ತು ಮನಶ್ಶಾಸ್ತ್ರಜ್ಞ ಜಾನ್ ಫ್ರೆಂಚ್ ಸೇರಿ ಈ ಪ್ರಶ್ನೆಯನ್ನು ಪರೀಕ್ಷೆಗೆ ಒಡ್ಡಿದರು. ಅವರ ವರದಿ ಪ್ರಕಟವಾದದ್ದು 1948ರಲ್ಲಿ.

ಮೊದಲು ಹೇಳಿದ ಇಸ್ತ್ರಿಯ ಗುಂಪನ್ನು ಎಂದಿನ ಕ್ರಮದಲ್ಲೇ ನಡೆಸಿಕೊಂಡರು. ಅವರಿಂದ ಏನನ್ನೂ ಮುಚ್ಚಿಡಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಸಭೆ ಕರೆದು, ಪೈಪೋಟಿಯ ಕಾರಣದಿಂದ ಬದಲಾವಣೆ ಅನಿವಾರ್ಯ ಎಂದರು, ಹೊಸ ದರವನ್ನು ವಿವರಿಸಿದರು, ಪ್ರಶ್ನೆಗಳಿಗೆ ಉತ್ತರಿಸಿದರು. ಆದರೆ ತೀರ್ಮಾನ ಆಗಲೇ ಆಗಿಹೋಗಿತ್ತು.

ಬಟ್ಟೆ ಮಡಿಸುವ 13 ಮಂದಿಯ ಎರಡನೆಯ ಗುಂಪಿನ ಮುಂದೆ ತೀರ್ಮಾನದ ಬದಲು ಎರಡು ಉಡುಪುಗಳನ್ನು ಇಟ್ಟರು. ನೋಡಲು ಎರಡೂ ಒಂದೇ. ಆದರೆ ಒಂದು ಮಾರಾಟವಾದದ್ದು ಇನ್ನೊಂದರ ಎರಡು ಪಟ್ಟು ಬೆಲೆಗೆ. ಅಗ್ಗದ್ದು ಯಾವುದು ಹೇಳಿ ಎಂದರೆ ಯಾರಿಗೂ ಗುರುತಿಸಲಾಗಲಿಲ್ಲ. ಖರ್ಚು ತಗ್ಗಿಸದೆ ಗತಿಯಿಲ್ಲ ಎಂಬುದು ಭಾಷಣವಿಲ್ಲದೆ ಎಲ್ಲರಿಗೂ ಹೊಳೆಯಿತು. ಹೊಸ ವಿಧಾನವನ್ನು ಮೊದಲು ಕಲಿತು ಉಳಿದವರಿಗೆ ಕಲಿಸಲು ಗುಂಪಿನವರು ತಮ್ಮಲ್ಲೇ ಕೆಲವರನ್ನು ಆರಿಸಿದರು. ಇನ್ನೆರಡು ಸಣ್ಣ ಗುಂಪುಗಳಲ್ಲಿ, ಎಂಟು ಮತ್ತು ಏಳು ಮಂದಿ ಇದ್ದುದರಿಂದ, ಪ್ರತಿಯೊಬ್ಬರೂ ಹೊಸ ಕೆಲಸವನ್ನು ರೂಪಿಸುವುದರಲ್ಲಿ ಪಾಲುಗೊಂಡರು. ಬರೆದುಕೊಳ್ಳಲು ಕುಳಿತವರಿಗೆ ಕೈ ಸಾಲದಷ್ಟು ಸಲಹೆಗಳು ಬಂದವು.

ಫಲಿತಾಂಶ ಏನಾಯಿತು? ಮೊದಲ ಗುಂಪಿನಲ್ಲಿ ಮೇಲ್ವಿಚಾರಕರೊಡನೆ ಜಗಳ, ಬೇಕೆಂದೇ ನಿಧಾನ ಮಾಡುವುದು, ಕೂಲಿಯ ಬಗ್ಗೆ ದೂರು. ದರವನ್ನು ಮತ್ತೆ ಪರಿಶೀಲಿಸಿದಾಗ ಅದು ಕೆಲಸಗಾರರ ಕಡೆಗೇ ಕೊಂಚ ಉದಾರವಾಗಿತ್ತು! ಎರಡನೆಯ ಗುಂಪು 14 ದಿನಗಳಲ್ಲಿ ಗಂಟೆಗೆ 61 ಘಟಕ ಮುಟ್ಟಿತು. ಎಲ್ಲರೂ ಪಾಲುಗೊಂಡ ಗುಂಪುಗಳು ಇನ್ನೂ ಬೇಗ ಚೇತರಿಸಿಕೊಂಡು, ಹಳೆಯ ವೇಗಕ್ಕಿಂತ ಶೇಕಡ 14ರಷ್ಟು ಮುಂದೆ ಹೋದವು. ಈ ಮೂರೂ ಗುಂಪುಗಳಲ್ಲಿ ಮೊದಲ ನಲವತ್ತು ದಿನ ಒಬ್ಬರೂ ಕೆಲಸ ಬಿಡಲಿಲ್ಲ.

ಮೊದಲ ಗುಂಪಿನವರೇ ಜಗಳಗಂಟರಿರಬಹುದಲ್ಲ ಎಂದು ಯಾರಾದರೂ ಕೇಳಬಹುದು. ಅದಕ್ಕೂ ಉತ್ತರ ಸಿಕ್ಕಿತು. ಎರಡೂವರೆ ತಿಂಗಳ ನಂತರ, ಆ ಗುಂಪಿನಲ್ಲಿ ಉಳಿದಿದ್ದ 13 ಮಂದಿಯನ್ನು ಮತ್ತೆ ಒಟ್ಟುಗೂಡಿಸಿ ಬೇರೊಂದು ಕೆಲಸಕ್ಕೆ ಹಾಕಿದರು. ಈ ಸಲ ಅವರನ್ನೂ ಕೂರಿಸಿಕೊಂಡೇ ಎಲ್ಲವನ್ನೂ ನಿರ್ಧರಿಸಿದರು. ಅದೇ ಜನ, ಬೇಗನೆ ಹಳೆಯ ವೇಗ ಮುಟ್ಟಿ ಮುಂದೆ ಹೋದರು. ಜಗಳವಿಲ್ಲ, ದೂರಿಲ್ಲ.

ಹಾಗೆಂದು ಇದು ಎಲ್ಲೆಡೆ ಫಲಿಸುವ ಮಂತ್ರವಲ್ಲ. ಫ್ರೆಂಚ್ ಮತ್ತು ಸಂಗಡಿಗರು ನಾರ್ವೆಯ ಒಂದು ಪಾದರಕ್ಷೆ ಕಾರ್ಖಾನೆಯಲ್ಲಿ ಇಂಥದೇ ಪ್ರಯೋಗ ಮಾಡಿ 1960ರಲ್ಲಿ ವರದಿ ಪ್ರಕಟಿಸಿದರು. ಅಲ್ಲಿ ಉತ್ಪಾದನೆಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಕಾರ್ಮಿಕರಿಗೆ ನಿರ್ಧರಿಸಲು ಬಿಟ್ಟುಕೊಟ್ಟ ವಿಷಯಗಳು ಅಷ್ಟೇನೂ ಮುಖ್ಯವಾದವುಗಳಾಗಿರಲಿಲ್ಲ. ಅಭಿಪ್ರಾಯ ಕೇಳಿದ ಶಾಸ್ತ್ರ ಮುಗಿಸಿ ಮೊದಲೇ ಗೊತ್ತುಮಾಡಿದ್ದನ್ನು ಜಾರಿಗೆ ತರುವ ಮುಖ್ಯಸ್ಥರು ಇದನ್ನು ನೆನಪಿಡಬೇಕು.

ಈ ದೂರದ ಕಥೆ ನಮಗೇಕೆ ಎಂದರೆ, ಕನ್ನಡ ನಾಡಿನ ಬ್ಯಾಂಕುಗಳು ಈಚಿನ ವರ್ಷಗಳಲ್ಲಿ ಕಂಡ ಬದಲಾವಣೆ ರಟ್ಟು-ಪೆಟ್ಟಿಗೆಗಿಂತ ಎಷ್ಟೋ ದೊಡ್ಡದು. 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿತು. 2019ರಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾಕ್ಕೆ, 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ ಸೇರಿದವು. ಒಂದು ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ನೌಕರರ ಸಂಸ್ಥೆಯ ಹೆಸರೇ ಬದಲಾಯಿತು.

ಇಂಥ ವಿಲೀನವನ್ನು ನಿರ್ಧರಿಸುವುದು ಶಾಖೆಯ ವ್ಯವಸ್ಥಾಪಕರ ಕೈಯಲ್ಲಿಲ್ಲ. ಅದನ್ನು ಸಿಬ್ಬಂದಿಗೆ ನೇರವಾಗಿ ಹೇಳಿಬಿಡುವುದೇ ಒಳ್ಳೆಯದು. ಆದರೆ ಅವರ ಕೈಯಲ್ಲಿ ಏನೂ ಉಳಿಯುವುದಿಲ್ಲ ಎಂದಲ್ಲ. ಹೊಸ ಪದ್ಧತಿಯನ್ನು ಮೊದಲು ಯಾರು ಕಲಿಯಬೇಕು, ಯಾರು ಯಾವ ಕೌಂಟರಿನಲ್ಲಿ ಕೂರಬೇಕು, ಪಿಂಚಣಿಗೆ ಬರುವ ಹಿರಿಯರಿಗೆ ಬದಲಾವಣೆಯನ್ನು ಹೇಗೆ ತಿಳಿಸಬೇಕು ಎಂಬುದನ್ನು ಆ ಶಾಖೆಯವರೇ ಕೂತು ತೀರ್ಮಾನಿಸಬಹುದು. ಇಪ್ಪತ್ತು ವರ್ಷ ಅದೇ ಕೌಂಟರಿನಲ್ಲಿ ಕೂತ ಗುಮಾಸ್ತರಿಗೆ ಇವು ಸಣ್ಣ ವಿಷಯಗಳಲ್ಲ; ಅವರ ದಿನದ ಕೆಲಸವೇ ಇದು.

ಬದಲಾವಣೆಗೆ ಜನ ತಯಾರಿಲ್ಲ ಎಂದು ದೂರುವ ಮುಖ್ಯಸ್ಥರು ಕಾರ್ಖಾನೆ, ಕಚೇರಿಗಳಲ್ಲೆಲ್ಲ ಸಿಗುತ್ತಾರೆ. ತೀರ್ಮಾನವನ್ನು ಓದಿ ಹೇಳುವ ಮೊದಲು ಆ ಎರಡು ಉಡುಪುಗಳನ್ನು ಮೇಜಿನ ಮೇಲೆ ಇಟ್ಟು ತೋರಿಸಿದ್ದೇವೆಯೇ ಎಂದು ಅವರು ತಮ್ಮನ್ನು ಕೇಳಿಕೊಂಡರೆ, ದೂರಿನ ಅರ್ಧ ಭಾಗ ಅಲ್ಲೇ ಇಲ್ಲವಾದೀತು.